ಕೃತಕ ಬುದ್ಧಿಮತ್ತೆಯ ಮುನ್ಸೂಚನೆಯೂ ರೈತನ ದೂರಾಲೋಚನೆಯೂ

ಮಳೆ, ಪೈರಿನ ರೋಗ, ಪೇಟೆಯ ಧಾರಣೆ ಮುಂತಾದವುಗಳನ್ನು ಮುಂಚಿತವಾಗಿ ತಿಳಿಸುವ ಗಣಕಯಂತ್ರಗಳು ಈಚೆಗೆ ಬಳಕೆಗೆ ಬಂದಿರುವುವು. ಯಂತ್ರಗಳ ಈ ಸಾಮರ್ಥ್ಯಕ್ಕೆ ಕೃತಕ ಬುದ್ಧಿಮತ್ತೆ ಎಂದು ಹೆಸರು. ಹಿಂದಿನ ಅನೇಕ ವರ್ಷಗಳ ಲೆಕ್ಕಗಳನ್ನು ಕೊಟ್ಟರೆ, ಯಂತ್ರವು ಅವುಗಳೊಳಗಿನ ಸಂಬಂಧಗಳನ್ನು ಗುರುತಿಸಿ, ಅವು ಮುಂದೆಯೂ ಹಾಗೆಯೇ ನಡೆಯುವುವೆಂಬ ಆಧಾರದ ಮೇಲೆ ಊಹೆಯನ್ನು ಹೇಳುವುದು. ಈ ಊಹೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ವ್ಯವಸ್ಥಾಶಾಸ್ತ್ರದಿಂದ ತಿಳಿಯಬಹುದು.

ವ್ಯವಸ್ಥೆ ಎಂದರೇನು?— ಒಂದನ್ನೊಂದು ಅವಲಂಬಿಸಿ ನಡೆಯುವ ಭಾಗಗಳ ಕೂಟಕ್ಕೆ ವ್ಯವಸ್ಥೆ ಎಂದು ಹೆಸರು. ಊರ ಕೆರೆಯೇ ಇದಕ್ಕೆ ದೃಷ್ಟಾಂತ. ನೀರುಗಂಟಿಯು ನೀರಿನ ಮಟ್ಟವನ್ನು ನೋಡಿ ತೂಬನ್ನು ಎತ್ತುವನು. ಎತ್ತಿದ ತೂಬಿನಿಂದ ಮಟ್ಟವು ಇಳಿಯುವುದು. ಇಳಿದ ಮಟ್ಟವನ್ನು ಕಂಡು ಅವನು ತೂಬನ್ನು ತಗ್ಗಿಸುವನು. ಹೀಗೆ ಕಾರ್ಯದ ಫಲವು ಹಿಂತಿರುಗಿ ಕಾರ್ಯವನ್ನೇ ತಿದ್ದುವುದುಂಟು. ಅಮೆರಿಕದ ಗಣಿತಜ್ಞನಾದ ನಾರ್ಬರ್ಟ್ ವೀನರನು 1948ರಲ್ಲಿ ಪ್ರಕಟಿಸಿದ ‘ಸೈಬರ್ನೆಟಿಕ್ಸ್’ ಎಂಬ ಗ್ರಂಥದಲ್ಲಿ, ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ಈ ತತ್ತ್ವವು ಸಮಾನವಾಗಿರುವುದನ್ನು ವಿವರಿಸಿದನು.

ತೊಗರಿಯ ನಿದರ್ಶನ.— 2014 ಮತ್ತು 2015ರಲ್ಲಿ ದೇಶದಲ್ಲಿ ಮುಂಗಾರು ಮಳೆ ಸಾಲದೆ ಹೋಯಿತು. 2015ರ ಕೊನೆಯಲ್ಲಿ ತೊಗರಿಬೇಳೆಯ ಬೆಲೆಯು ಕಿಲೋಗ್ರಾಮಿಗೆ 200 ರೂಪಾಯಿಯವರೆಗೆ ಏರಿತು. ಇದನ್ನು ಕಂಡ ರೈತರು 2016ರಲ್ಲಿ ತೊಗರಿಯನ್ನೇ ಹೆಚ್ಚಾಗಿ ಬಿತ್ತಿದರು; ಮಳೆಯೂ ಅನುಕೂಲಿಸಿತು. ದೇಶದ ಉತ್ಪತ್ತಿಯು ಸುಮಾರು 25 ಲಕ್ಷ ಟನ್ನುಗಳಿಂದ ಸುಮಾರು 48 ಲಕ್ಷ ಟನ್ನುಗಳಿಗೆ ಹೆಚ್ಚಿ, 2017ರ ಆರಂಭದಲ್ಲಿ ಪೇಟೆಯ ಧಾರಣೆಯು ಕ್ವಿಂಟಾಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಬಿತ್ತನೆಗೂ ಮಾರಾಟಕ್ಕೂ ನಡುವೆ ಆರು ತಿಂಗಳಿಗೆ ಕಡಮೆಯಿಲ್ಲದ ಅಂತರವಿರುವುದರಿಂದ, ತಪ್ಪನ್ನು ನಡುವೆ ತಿದ್ದಿಕೊಳ್ಳಲು ಅವಕಾಶವಿರಲಿಲ್ಲ. ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿಯೇ ತೋರಿತು. ಎಲ್ಲರೂ ಅದನ್ನೇ ಹಿಡಿದುದರಿಂದ ನಷ್ಟವಾಯಿತು. ಇಂತಹ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞನಾದ ನಿಕೋಲಸ್ ಕಾಲ್ಡಾರನು 1934ರಲ್ಲಿ ಜೇಡರ ಬಲೆಯ ಹೆಸರನ್ನು ಕೊಟ್ಟನು.

ಯಂತ್ರದ ಊಹೆಯ ಮಿತಿ.— 2017ರಲ್ಲಿ ಕರ್ನಾಟಕ ಸರ್ಕಾರವು ಬೆಳೆಗಳ ಧಾರಣೆಯನ್ನು ಕೃತಕ ಬುದ್ಧಿಮತ್ತೆಯಿಂದ ಮುಂಗಾಣುವ ಕಾರ್ಯಕ್ಕಾಗಿ ಮೈಕ್ರೋಸಾಫ್ಟ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲು ತೊಗರಿಯನ್ನೇ ಆರಿಸಿಕೊಳ್ಳಲಾಯಿತು. ಇಂತಹ ಪ್ರಯತ್ನವು ಉಪಯುಕ್ತವಾದುದೇ ಸರಿ. ಆದರೆ ಒಂದು ಭೇದವನ್ನು ಮರೆಯಲಾಗದು. ನಾಳೆ ಮಳೆ ಬರುವುದೆಂದು ಹೇಳಿದ ಮಾತ್ರಕ್ಕೆ ಮಳೆಯು ಬದಲಾಗುವುದಿಲ್ಲ. ತೊಗರಿಯ ಬೆಲೆ ಏರುವುದೆಂಬ ಮಾತನ್ನು ನಂಬಿ ಎಲ್ಲರೂ ತೊಗರಿಯನ್ನೇ ಬಿತ್ತಿದರೆ, ಬೆಲೆಯೇ ಬದಲಾಗುವುದು. ಇಲ್ಲಿ ಊಹೆಯೂ ವ್ಯವಸ್ಥೆಯ ಒಂದು ಭಾಗವಾಗುವುದು.

ಆದುದರಿಂದ ಜಮೀನುದಾರರು ಗಮನಿಸತಕ್ಕ ಅಂಶಗಳು:—

(1) ಮುನ್ಸೂಚನೆಯು ಹವೆಯನ್ನು ಕುರಿತದ್ದೋ, ಬೆಲೆಯನ್ನು ಕುರಿತದ್ದೋ ಎಂಬುದನ್ನು ಮೊದಲು ವಿಚಾರಿಸಬೇಕು.

(2) ಅದೇ ಸೂಚನೆಯು ಇನ್ನೆಷ್ಟು ಮಂದಿಗೆ ತಲಪಿದೆ ಎಂಬುದನ್ನು ಯೋಚಿಸಬೇಕು.

(3) ಊಹೆಯು ತಪ್ಪಿದರೂ ಸಂಸಾರಕ್ಕೂ ಸಾಲದ ಕಂತಿಗೂ ತೊಂದರೆಯಾಗದಷ್ಟು ಭೂಮಿಯನ್ನು ಬೇರೆ ಪೈರುಗಳಿಗೆ ಮೀಸಲಿಡಬೇಕು.

(4) ಪ್ರತಿವರ್ಷದ ಮುನ್ಸೂಚನೆಯನ್ನೂ ನಿಜವಾಗಿ ದೊರೆತ ಧಾರಣೆಯನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕು.

ಮುಂಗಾರಿಗೆ ಮೊದಲೇ ಗ್ರಾಮದ ಮುಖಂಡರು ರೈತರನ್ನು ಸಭೆ ಸೇರಿಸಿ, ಯಾರು ಯಾವ ಪೈರನ್ನು ಎಷ್ಟು ಎಕರೆಯಲ್ಲಿ ಬಿತ್ತುವರೆಂಬುದನ್ನು ಪಟ್ಟಿಮಾಡಿದರೆ, ಎಲ್ಲರೂ ಒಂದೇ ಬೆಳೆಗೆ ಮುಗಿಬೀಳುತ್ತಿರುವುದು ಬಿತ್ತನೆಗೆ ಮುಂಚೆಯೇ ಗೊತ್ತಾಗುವುದು. ಯಂತ್ರದ ಊಹೆಯನ್ನು ಈ ಪಟ್ಟಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಬೀಜವನ್ನು ಕೊಳ್ಳುವುದು ಕ್ಷೇಮಕರ.