ಐದನೆಯ ರುಚಿ

ಕೃಷ್ಣರಾಜನಗರ ತಾಲ್ಲೂಕಿನ ಹೊಸ ಅಗ್ರಹಾರದ ಸುತ್ತಿನ ಹಳ್ಳಿಗಳಲ್ಲಿ ಮುದ್ದೆಗೆ ಸಾರೇ ಸಂಗಾತಿ. ಚೆನ್ನಾಗಿ ಕಳಿತ ಟೊಮೆಟೊ ಹಣ್ಣಿನ ಸಾರು ನಾಲಿಗೆಗೆ ಹೆಚ್ಚು ಹಿತವೆನಿಸುವುದು ಎಲ್ಲರ ಅನುಭವ. ಇದಕ್ಕೆ ಉಪ್ಪು, ಹುಳಿಗಳಷ್ಟೇ ಕಾರಣವಲ್ಲ. ಹಣ್ಣು ಕಳಿತಂತೆ ಅದರಲ್ಲಿ ಗ್ಲುಟಾಮೇಟ್ ಎಂಬ ವಸ್ತುವೂ ಹೆಚ್ಚುತ್ತದೆ.

ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರು ಎಂದು ಭಾರತೀಯರು ಷಡ್ರಸಗಳನ್ನು ಎಣಿಸಿದರು. ಇವುಗಳಲ್ಲಿ ಖಾರವು ಉರಿಯ ಅನುಭವ, ಒಗರು ಸ್ಪರ್ಶದ ಅನುಭವವೆಂದು ವಿಜ್ಞಾನವು ಬೇರ್ಪಡಿಸಿತು. ಉಳಿದವು ನಾಲ್ಕು. ಇವುಗಳ ಸಾಲಿಗೆ ಇನ್ನೊಂದು ರುಚಿಯನ್ನು ಸೇರಿಸಿದವರು ಟೋಕಿಯೋ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ.

ಜಪಾನೀಯರು ಕೊಂಬು ಎಂಬ ಕಡಲಕಳೆಯಿಂದ ತಿಳಿಸಾರು ಮಾಡುತ್ತಾರೆ. ಅದರ ರುಚಿಯು ನಾಲ್ಕರಲ್ಲಿ ಯಾವುದಕ್ಕೂ ಸೇರದುದನ್ನು ಕಂಡ ಇಕೆಡಾ, 1908ರಲ್ಲಿ ಆ ಕಳೆಯಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿದರು. ಈ ಆಮ್ಲವು ಹೊಸದಲ್ಲ. 1866ರಲ್ಲಿಯೇ ಜರ್ಮನಿಯ ರಿಟ್‌ಹೌಸೆನ್ ಅದನ್ನು ಗೋಧಿಯ ಅಂಟಿನಿಂದ ಪಡೆದಿದ್ದರು. ಅದರ ರುಚಿಯ ಮಹತ್ವವನ್ನು ಗುರುತಿಸಿದುದೇ ಇಕೆಡಾ ಅವರ ಹಿರಿಮೆ. ಆ ರುಚಿಗೆ ಅವರು 'ಉಮಾಮಿ' ಎಂದು ಹೆಸರಿಟ್ಟರು. ಆಮ್ಲವನ್ನು ಸೋಡಿಯಂನೊಡನೆ ಸೇರಿಸಿ ಪಡೆದ ಬಿಳಿಯ ಹರಳುಗಳೇ ಮೋನೋಸೋಡಿಯಂ ಗ್ಲುಟಾಮೇಟ್. 1909ರಲ್ಲಿ ಇದು 'ಅಜಿನೊಮೊಟೊ' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಮೊದಲು ಗೋಧಿಯ ಅಂಟಿನಿಂದ ತಯಾರಾಗುತ್ತಿದ್ದ ಇದನ್ನು ಈಗ ಕಬ್ಬಿನ ಕಾಕಂಬಿ ಮೊದಲಾದವುಗಳಿಂದ, ಸೂಕ್ಷ್ಮಜೀವಿಗಳ ನೆರವಿನಿಂದ ಪಡೆಯುತ್ತಾರೆ.

1968ರಲ್ಲಿ ಅಮೆರಿಕದ ವೈದ್ಯರೊಬ್ಬರು, ಚೀನೀ ಭೋಜನಾನಂತರ ತಮಗಾಗುವ ತೊಂದರೆಗೆ ಈ ಲವಣವೂ ಕಾರಣವಿರಬಹುದೆಂದು ವೈದ್ಯಕೀಯ ಪತ್ರಿಕೆಗೆ ಬರೆದರು. ಸಂದೇಹವು ಭಯವಾಗಿ ಹಬ್ಬಿತು. ಅನಂತರದ ಎಚ್ಚರಿಕೆಯ ಪ್ರಯೋಗಗಳಲ್ಲಿ, ಸಾಮಾನ್ಯ ಪ್ರಮಾಣದ ಬಳಕೆಯಿಂದ ಅಂತಹ ತೊಂದರೆಯಾಗುವುದೆಂಬುದು ದೃಢಪಡಲಿಲ್ಲ. ಆದರೂ ಇದರಲ್ಲಿ ಸೋಡಿಯಂ ಇರುವುದರಿಂದ ಉಪ್ಪಿನಂತೆಯೇ ಇದಕ್ಕೂ ಮಿತಿ ಅಗತ್ಯ.

2015ರಲ್ಲಿ ಸಿದ್ಧ ನೂಡಲ್ಸ್ ಒಂದರಲ್ಲಿರುವ ಸೀಸ ಹಾಗೂ ಗ್ಲುಟಾಮೇಟ್ ಕುರಿತು ದೇಶದಲ್ಲಿ ವಿವಾದವೆದ್ದಿತು. ಆಗ ಸರ್ವೋಚ್ಚ ನ್ಯಾಯಾಲಯವು ಮಾದರಿಗಳ ಪರೀಕ್ಷೆಯನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಗೆ ಒಪ್ಪಿಸಿತು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಸಂಸ್ಥೆಯಿದು. ಇಂತಹ ಪರೀಕ್ಷೆಗಳಲ್ಲಿ ಒಂದು ತೊಡಕುಂಟು. ಟೊಮೆಟೊವಿನ ಗ್ಲುಟಾಮೇಟ್ ಮತ್ತು ಹರಳಿನ ಗ್ಲುಟಾಮೇಟ್ ನೀರಿನಲ್ಲಿ ಕರಗಿದ ಮೇಲೆ ಒಂದೇ. ಪರೀಕ್ಷೆಯು ಒಟ್ಟು ಪ್ರಮಾಣವನ್ನು ತಿಳಿಸಬಲ್ಲದು. ಎಷ್ಟು ಸಹಜ, ಎಷ್ಟು ಬೆರೆಸಿದ್ದು ಎಂದು ವಿಂಗಡಿಸುವುದು ಸುಲಭವಲ್ಲ. ಅದನ್ನು ಬಲ್ಲವನು ತಯಾರಿಸಿದವನೇ. ಆದುದರಿಂದ ಪೊಟ್ಟಣದ ಮೇಲಿನ ಬರಹವು ಸತ್ಯವಾಗಿರಬೇಕು. ಕೊಳ್ಳುವವರು ಅದನ್ನು ಓದಿ ಕೊಳ್ಳಬೇಕು.