ಬ್ಯಾಲೆಯಲ್ಲಿ ನಗು ಎಲ್ಲಿದೆ?

ಪ್ರಶ್ನೆ: ಬ್ಯಾಲೆ ಎಂದರೆ ಸಾಯುವ ಹಂಸ, ಶಾಪಕ್ಕೆ ಸಿಕ್ಕ ರಾಜಕುಮಾರಿ, ಮೋಸಹೋಗಿ ಬುದ್ಧಿ ಕಳೆದುಕೊಳ್ಳುವ ಹಳ್ಳಿಹುಡುಗಿ ಇಷ್ಟೇ ಕಣ್ಣಿಗೆ ಬೀಳುತ್ತದೆ. ನೋಡಿದವರ ಮುಖ ಅರಳಿಸುವ ಗಳಿಗೆಗಳು ಅದರಲ್ಲಿ ಇಲ್ಲವೇ? ಇದ್ದರೆ ನಿಮಗೆ ಇಷ್ಟವಾದವು ಯಾವುವು?
- ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ ಇವೆ. ಅಳಿಸುವ ಬ್ಯಾಲೆಗಳಿಗೆ ಪ್ರಚಾರ ಹೆಚ್ಚು, ಅಷ್ಟೆ.

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ 'ಲಾ ಫೀಯ್ ಮಾಲ್ ಗಾರ್ದೇ'ಗೆ. ತಾಯಿಯ ಕಾವಲು ತಪ್ಪಿಸಿ ಪ್ರೀತಿಸುವ ಹುಡುಗಿಯೊಬ್ಬಳ ಕಥೆ. ಜಾನ್ ದೋಬರ್ವಾಲ್ ಇದನ್ನು ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮೊದಲು ಆಡಿಸಿದ್ದು 1789ರ ಜುಲೈ 1ರಂದು. ಎರಡು ವಾರದೊಳಗೆ ಪ್ಯಾರಿಸ್ಸಿನಲ್ಲಿ ಅರಸೊತ್ತಿಗೆಯ ಸೆರೆಮನೆ ಬಾಸ್ಟೀಲ್ ಕ್ರಾಂತಿಕಾರರ ಕೈಗೆ ಬಿತ್ತು. ದೇವತೆಗಳೂ ಅರಸರೂ ಇಲ್ಲದ, ರೈತಾಪಿ ಜನರೇ ತುಂಬಿರುವ ಬ್ಯಾಲೆ ಹುಟ್ಟಿದ್ದು ಅಂಥ ಹೊತ್ತಿನಲ್ಲಿ. ಇಂದು ಹೆಚ್ಚು ಹೆಸರಾಗಿರುವುದು ಫ್ರೆಡರಿಕ್ ಆಷ್ಟನ್ 1960ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಹೊಸದಾಗಿ ಕಟ್ಟಿದ ರೂಪ.

ವಿಧವೆ ಸಿಮೋನ್‌ಗೆ ಮಗಳು ಲೀಸ್‌ಳನ್ನು ಸಾಹುಕಾರನ ಪೆದ್ದ ಮಗನಿಗೆ ಕೊಡುವ ಆಸೆ. ಮಗಳ ಮನಸ್ಸು ರೈತ ಹುಡುಗ ಕೊಲಾಸ್‌ನ ಮೇಲೆ. ಎರಡನೆಯ ಅಂಕದಲ್ಲಿ ತಾಯಿ ಮಗಳನ್ನು ಮನೆಯೊಳಗೆ ಕೂಡಿಹಾಕಿ, ಬೀಗ ಹಾಕಿಕೊಂಡು ಹೊರಗೆ ಹೋಗುತ್ತಾಳೆ. ಒಬ್ಬಳೇ ಇದ್ದೇನೆಂದುಕೊಂಡ ಲೀಸ್ ಮದುವೆಯ ಕನಸು ಕಾಣತೊಡಗುತ್ತಾಳೆ. ಇಲ್ಲಿ ಕುಣಿತವೇ ಇಲ್ಲ, ಬರೀ ಮೂಕಾಭಿನಯ. ಮದುವೆಯ ಬಟ್ಟೆ ಆಯಿತು, ಆಮೇಲೆ ಮಕ್ಕಳು: ಬೆರಳು ಮಡಚಿ ಒಂದು, ಎರಡು, ಮೂರು. ಒಂದಕ್ಕೆ ಓದು ಕಲಿಸುತ್ತಾಳೆ, ಇನ್ನೊಂದಕ್ಕೆ ಕುಂಡೆಗೆ ಎರಡು ಬಿಗಿಯುತ್ತಾಳೆ, ಕೂಸನ್ನು ತೋಳಲ್ಲಿ ತೂಗುತ್ತಾಳೆ. ಅಷ್ಟರಲ್ಲಿ ಮೂಲೆಯಲ್ಲಿ ಒಟ್ಟಿದ್ದ ಗೋಧಿಯ ಸಿವುಡುಗಳ ನಡುವಿನಿಂದ ಕೊಲಾಸ್ ಮೇಲೆದ್ದು ನಿಲ್ಲುತ್ತಾನೆ. ಅವನು ಎಲ್ಲವನ್ನೂ ನೋಡಿಬಿಟ್ಟಿದ್ದಾನೆ! ಆ ಹುಡುಗಿಯ ನಾಚಿಕೆ, ಸಿಟ್ಟು, ಒಳಗೊಳಗಿನ ಸಂತೋಷ ಒಂದರ ಮೇಲೊಂದು ಬರುವ ಆ ಅರೆನಿಮಿಷಕ್ಕೆ ನಾನು ಎಷ್ಟು ದೊಡ್ಡ ಜಿಗಿತವನ್ನಾದರೂ ಬಿಟ್ಟುಕೊಟ್ಟೇನು. ಈ ಅಭಿನಯವನ್ನು ಆಷ್ಟನ್‌ಗೆ ಹೇಳಿಕೊಟ್ಟವರು ರಷ್ಯದ ಹಿರಿಯ ನರ್ತಕಿ ತಮಾರಾ ಕರ್ಸಾವಿನಾ. ಪೀಟರ್ಸ್‌ಬರ್ಗಿನ ಹಳೆಯ ಪ್ರದರ್ಶನದಿಂದ ಅದನ್ನು ನೆನಪಿನಲ್ಲಿ ಉಳಿಸಿಕೊಂಡಿದ್ದರು.

ಇದೇ ಬ್ಯಾಲೆಯಲ್ಲಿ ಸಿಮೋನ್ ಮರದ ಪಾದರಕ್ಷೆ ತೊಟ್ಟು ಟಕಟಕನೆ ಕುಣಿಯುವ ಭಾಗವೂ ಇದೆ. ಪಾತ್ರವನ್ನು ಮಾಡುವವನು ಗಂಡಸು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಲಾರದು. ಮಗಳ ಮೇಲೆ ಗುಡುಗುವ ತಾಯಿಗೆ ಆ ಪಾದರಕ್ಷೆ ಕಂಡೊಡನೆ ಕಾಲು ನಿಲ್ಲುವುದಿಲ್ಲ. ಅವಳನ್ನು ಖಳನಾಯಕಿ ಎಂದುಕೊಂಡಿದ್ದವರೂ ಅಲ್ಲಿಂದ ಅವಳ ಪಕ್ಷ.

ಎರಡನೆಯದು 'ಡಾನ್ ಕಿಹೋಟೆ'ಯಲ್ಲಿ ಕಿತ್ರಿಯ ಪ್ರವೇಶ. ಮಾರಿಯಸ್ ಪೆಟಿಪಾ 1869ರಲ್ಲಿ ಮಾಸ್ಕೋದ ಬೊಲ್ಶಾಯ್ ರಂಗಮಂದಿರಕ್ಕೆ ಸಂಯೋಜಿಸಿದ ಬ್ಯಾಲೆ ಇದು. ಹೆಸರು ಡಾನ್ ಕಿಹೋಟೆಯದಾದರೂ ಆ ಮುದುಕನಿಗೆ ಇಲ್ಲಿ ದೊಡ್ಡ ಕೆಲಸವಿಲ್ಲ. ಬಾರ್ಸಿಲೋನಾದ ಚೌಕಕ್ಕೆ ಛತ್ರದ ಯಜಮಾನನ ಮಗಳು ಬೀಸಣಿಗೆ ಹಿಡಿದು ಓಡಿಬರುತ್ತಾಳೆ. ಬಂದವಳೇ ಜಿಗಿಯುತ್ತಾಳೆ, ಬೆನ್ನು ಬಿಲ್ಲಾಗಿ ಹಿಂಗಾಲು ತಲೆ ಮುಟ್ಟುವಂತೆ ಮೇಲೇಳುತ್ತದೆ. ಈ ಜಿಗಿತಕ್ಕೆ ಮಾಯಾ ಪ್ಲಿಸೆಟ್ಸ್ಕಾಯಾ ಹೆಸರಾಗಿದ್ದರು. ಅವರ ಹಳೆಯ ಕಪ್ಪುಬಿಳುಪು ಚಿತ್ರಣದಲ್ಲಿ ನೋಡಿದರೂ ಮೈ ಜುಮ್ಮೆನ್ನುತ್ತದೆ.

'ಸ್ವಾನ್ ಲೇಕ್'ನ 32 ಫುಯೆತೆ, ಅಂದರೆ ಒಂದೇ ಕಾಲಿನ ಮೇಲೆ ಸತತವಾಗಿ ಸುತ್ತುವುದನ್ನು ನಾನು ಬೇಕೆಂದೇ ಸೇರಿಸಿಲ್ಲ. 1895ರಲ್ಲಿ ಪಿಯರೀನಾ ಲೆನ್ಯಾನಿ ಅದನ್ನು ಆ ಬ್ಯಾಲೆಗೆ ತಂದಂದಿನಿಂದ ಜನ ಎಣಿಸುತ್ತಲೇ ಇದ್ದಾರೆ. ಎಣಿಸುತ್ತಾ ಕೂತವರಿಗೆ ರೋಮಾಂಚನವಾದೀತು, ಖುಷಿ ಬೇರೆಯದೇ.

ನೋಡಲು ತೊಡಗುವವರು ರಾಯಲ್ ಬ್ಯಾಲೆಯವರು ಮರಿಯಾನೆಲಾ ನುನ್ಯೆಸ್, ಕಾರ್ಲೋಸ್ ಅಕೋಸ್ಟಾ ಜೋಡಿಯೊಂದಿಗೆ ಚಿತ್ರೀಕರಿಸಿದ 'ಫೀಯ್'ಯಿಂದ ತೊಡಗಿ. ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ, ಆದರೆ ತಡಮಾಡಬೇಡಿ: ಹುಂಜ ಮತ್ತು ನಾಲ್ಕು ಹೇಂಟೆಗಳ ಕುಣಿತ ಪರದೆ ಎದ್ದ ಸ್ವಲ್ಪ ಹೊತ್ತಿಗೇ ಬಂದುಹೋಗುತ್ತದೆ.