ದಿಂಬಿನ ಪಕ್ಕ ಒಂದು ಪುಸ್ತಕ

ಓದೋಕೆ ಪುರುಸೊತ್ತೆಲ್ಲಿ ಅನ್ನುವವರು, ರಾತ್ರಿ ಹಾಸಿಗೆಯಲ್ಲಿ ರೀಲ್ಸ್ ತಳ್ಳುತ್ತಾ ಎಷ್ಟು ಹೊತ್ತು ಕಳೆಯುತ್ತೀರಿ ಅಂತ ಮೊಬೈಲನ್ನೇ ಕೇಳಿ. ಅದು ನಿಮಿಷ ಸಮೇತ ಲೆಕ್ಕ ಒಪ್ಪಿಸುತ್ತದೆ. ಅದರಲ್ಲಿ ಕಾಲು ಗಂಟೆ ಸಾಕು. ಚಾರ್ಜರನ್ನು ನಡುಮನೆಗೆ ಸಾಗಿಸಿ, ದಿಂಬಿನ ಪಕ್ಕ ಪುಸ್ತಕವಿಡಿ. ಕೈಗೆ ಯಾವುದು ಸಿಗುತ್ತದೋ ಅದೇ ಅಭ್ಯಾಸವಾಗುತ್ತದೆ.

ಆದರೆ ಹುಮ್ಮಸ್ಸಿನಲ್ಲಿ ಮೊದಲೇ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿಯಬೇಡಿ. ಅದು ದೊಡ್ಡ ಕಾದಂಬರಿ, ದೊಡ್ಡ ಗಾತ್ರದ್ದೂ ಹೌದು. ಓದಿನ ರೂಢಿಯಿಲ್ಲದವರು ನಡುವೆಯೇ ಕೈಬಿಡುತ್ತಾರೆ. ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಳ್ಳಿ. ತೆಳ್ಳಗಿದೆ, ನಗಿಸುತ್ತದೆ, ಹಾರುವ ಓತಿಯ ಹಿಂದೆ ಕಾಡಿಗೆ ಎಳೆದೊಯ್ಯುತ್ತದೆ. ಅಷ್ಟೂ ಆಗದಿದ್ದರೆ ಡಿವಿಜಿಯವರ ಕಗ್ಗವಿದೆ. ನಾಲ್ಕು ಸಾಲಿನ 945 ಪದ್ಯಗಳು. ಬೆಳಗಿನ ಕಾಫಿ ಜೊತೆ ದಿನಕ್ಕೊಂದರಂತೆ ಎರಡೂವರೆ ವರ್ಷ ದಾಟುತ್ತದೆ. ಅರ್ಥವಾಗದ್ದನ್ನು ಗುರುತು ಹಾಕಿ ಮುಂದೆ ಹೋಗಿ. ರುಚಿಸದ ಪುಸ್ತಕವನ್ನು ಅರ್ಧಕ್ಕೆ ಬಿಟ್ಟರೆ ಪಾಪವೇನೂ ಬರುವುದಿಲ್ಲ.

ಓದಿದ್ದನ್ನು ಊಟದ ಹೊತ್ತಿಗೆ ಮನೆಯವರಿಗೆ ಎರಡು ಮಾತಿನಲ್ಲಿ ಹೇಳಿ. ಹಾಗೆ ಹೇಳಲು ಬಂದರೆ ತಲೆಗೆ ಹತ್ತಿದೆ ಎಂದರ್ಥ. ಮಕ್ಕಳಿಗೆ ‘ಓದು, ಓದು’ ಅನ್ನುವುದಕ್ಕಿಂತ ಅವರೆದುರು ಓದುತ್ತಾ ಕೂರುವುದು ವಾಸಿ.

ಪುಸ್ತಕ ದುಬಾರಿ ಅನ್ನಿಸಿದರೆ, ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಈ ಭಾನುವಾರವೇ ಒಮ್ಮೆ ಹೋಗಿ ಬನ್ನಿ.